ಬಜೆಟ್ ಕೇಳಿ ಖಾಲಿ ಮಾಡಿದ ಕೋಣೆ

ಇವತ್ತು ನಳದ ನೀರು ತುಂಬಿಟ್ಟೆ. ಅತ್ತೆಯವರ ಮೈ ಒರೆಸಿ ಸೀರೆ ಬದಲಿಸಿದೆ. ತೊಗರಿಬೇಳೆ ಬಿಸಿಲಿಗೆ ಹರವಿದೆ. ಭಾಲ್ಕಿಯ ಖಜಾನೆ ಕಚೇರಿಗೆ ಹೋಗುವ ನಮ್ಮವರಿಗೆ ಡಬ್ಬಿ ಕಟ್ಟಿದೆ. ಮಧ್ಯಾಹ್ನ ಬೀದರಿನ ದವಾಖಾನೆಗೆ ಹೋಗಿ, ಡಯಾಲಿಸಿಸ್ ಮುಗಿಸಿಕೊಂಡ ಅಕ್ಕನನ್ನೂ ಭಾವನನ್ನೂ ಆಟೋದಲ್ಲಿ ನೌಬಾದದ ನಮ್ಮ ಮನೆಗೆ ಕರೆತಂದೆ.

ಅವರ ಊರು ಔರಾದ ಕಡೆಯ ಸಂತಪುರ. ಅಕ್ಕನಿಗೆ ವಾರಕ್ಕೆ ಎರಡು ಸಲ ಡಯಾಲಿಸಿಸ್ ಆಗಲೇಬೇಕು. ಅದಕ್ಕೇ ನಮ್ಮ ಓಣಿಯಲ್ಲಿ ಒಂದು ಕೋಣೆ ಬಾಡಿಗೆ ಹಿಡಿದಿದ್ದರು. ಬಜೆಟ್ ದಿನ ಭಾವ ಟಿ.ವಿ. ಮುಂದಿನಿಂದ ಏಳಲಿಲ್ಲ. ಊರ ಹತ್ತಿರದ ದವಾಖಾನೆಗಳಿಗೂ ಡಯಾಲಿಸಿಸ್ ಮಶೀನು ಕೊಡುತ್ತೇವೆಂದು ಮಂತ್ರಿಗಳು ಓದಿದ್ದೇ ತಡ, ಮರುದಿನ ಓಣಿಗೆಲ್ಲ ಪೇಢೆ ಹಂಚಿ, ಕೋಣೆ ಖಾಲಿ ಮಾಡಿ, ಅಕ್ಕನನ್ನು ಊರಿಗೆ ಕರೆದೊಯ್ದರು. ನಾವೂ ಪೇಢೆ ತಿಂದೆವು. ಮಶೀನು ಬರಲಿಲ್ಲ. ಅನುದಾನವಿಲ್ಲವಂತೆ. ಈಗ ಪ್ರತಿ ಸಲವೂ ಸಂತಪುರದಿಂದ ಬಸ್ಸಿನಲ್ಲೇ ಬರುತ್ತಾರೆ. ಆ ಕೋಣೆಯಲ್ಲೀಗ ಬೇರೆ ಸಂಸಾರವಿದೆ. ನಮ್ಮದೋ ಎರಡೇ ಕೋಣೆ, ಒಂದರಲ್ಲಿ ಅತ್ತೆಯವರು ಹಾಸಿಗೆ ಹಿಡಿದಿದ್ದಾರೆ. ಅಕ್ಕ ಒಂದು ರಾತ್ರಿ ಉಳಿದಾಳು, ತಿಂಗಳುಗಟ್ಟಲೆ ಉಳಿಯುವವಳಲ್ಲ.

ಸಂಜೆ ನಮ್ಮವರು ಬಂದು ಚಹಾಕ್ಕೆ ಕೂತ ಕೂಡಲೇ ಭಾವ ಶುರು ಮಾಡಿದರು.

"ದೊಡ್ಡ ದೊಡ್ಡ ಕಂಪನಿಗೋಳ ಮ್ಯಾಲ ಇನ್ನಷ್ಟು ತೆರಿಗಿ ಜಡೀಬೇಕ್ರಿ. ಆಗ ನೋಡ್ರಿ, ಮಶೀನ್ ಹ್ಯಾಂಗ ಬರಂಗಿಲ್ಲ!"

"ಜಡೀಲಿ ಅಣ್ಣಾರ," ನಮ್ಮವರೆಂದರು, "ನಾ ಎಲ್ಲಿ ಬ್ಯಾಡ ಅಂತೇನಿ? ಅವರು ಕೊಡಾದು ಇನ್ನೂ ಅದ. ಆದ್ರ ಬಂದ ರೊಕ್ಕ ಮೊದಲ ಸರಕಾರದ ಹಳೀ ಸಾಲದ ಬಡ್ಡಿಗಿ ಹೋಗ್ತದ, ಆಮ್ಯಾಲ ಪಗಾರ, ಪಿಂಚಣಿ. ಉಳಿದಿದ್ದು ಆನಿ ಹೊಟ್ಟಿಗಿ ಅರಕಾಸಿನ ಮಜ್ಜಿಗಿ."

"ಹಾಂಗಿದ್ರ ಮೊದಲ ನಿಮ್ಮ ಪಗಾರ ನಿಲ್ಲಸ್ರಿ!"

"ನಿಲ್ಲಸ್ರಿ. ಈ ಚಹಾ ನಿಮ್ಮ ಲೆಕ್ಕಕ್ಕ ಬರೀತೇನಿ."

ನಕ್ಕೆವು. ಭಾವ ಬಿಡಲಿಲ್ಲ. "ಕಂಪನಿಯವರು ಕೊಟ್ರ ಒಂದರ ಮಶೀನ್ ಆಗ್ತದಲ್ರಿ?"

"ಆಗ್ತದ್ರಿ. ನಮ್ಮ ಕಡಿನೇ ಆಗ್ತದ ಅಂತ ಯಾರು ಹೇಳ್ಬೇಕು? ಆ ತೆರಿಗಿ ದಿಲ್ಲಿಯವರು ಕೂಡಿಸ್ಬೇಕು, ಬೆಂಗಳೂರಿಗಿ ಪಾಲು ಬರ್ಬೇಕು, ಅಲ್ಲಿಂದ ಇಲ್ಲಿಗಿ ಬರಾತನಕ..." ನಮ್ಮವರು ಅಕ್ಕನ ಮುಖ ನೋಡಿ ಮಾತು ನಿಲ್ಲಿಸಿದರು.

ನನಗೆ ಇಬ್ಬರ ಮಾತೂ ಖರೆ ಎನಿಸಿತು. ಉಳ್ಳವರು ಹೆಚ್ಚು ಕೊಡುವುದು ನ್ಯಾಯವೇ. ಆ ನ್ಯಾಯ ಸಂತಪುರ ಮುಟ್ಟುವ ತನಕ ಅಕ್ಕನ ಮೈ ತಡೆಯಬೇಕಲ್ಲ.

ಗೋಡೆಗೆ ಒರಗಿದ್ದ ಅಕ್ಕ ಕಣ್ಣು ತೆರೆಯದೇ ಹೇಳಿದಳು: "ಬಸ್ಸಿನಾಗ ಕುಂತು ಕುಂತು ಸಾಕಾಗ್ಯದ. ಇನ್ನ ವಾರಕ್ಕ ಒಂದೇ ಸಲ ಬರ್ತೇನಿ."

"ಯಕ್ಕಾ, ಡಾಕ್ಟರು ಏನಂದಾರ ನೆನಪದ ಇಲ್ಲೋ?"

"ಅವರೇನು ಬಸ್ಸಿನಾಗ ಬರ್ತಾರೇನವ್ವ?"

ಓಣಿಯಲ್ಲೇ ಮತ್ತೊಂದು ಕೋಣೆ ಹುಡುಕೋಣ ಎಂದೆ. ಅಕ್ಕ ಮುಂಜಾನೆಯ ಬಸ್ಸು ಎಷ್ಟಕ್ಕೆಂದು ಭಾವನನ್ನು ಕೇಳಿದಳು.

ರಾತ್ರಿ ನಮಗೆ ಜೋಳದ ರೊಟ್ಟಿ, ಪುಂಡಿಪಲ್ಯ. ಅಕ್ಕನಿಗೆ ಪಥ್ಯದ ಊಟ: ಕುದಿಸಿ ನೀರು ಚೆಲ್ಲಿದ ಹೀರೇಕಾಯಿ, ಉಪ್ಪಿಲ್ಲದ್ದು. ಅರ್ಧ ರೊಟ್ಟಿಗೇ ಸಾಕೆಂದಳು. ಊರಿಗೆ ಹೋಗುವ ಮುಂಜಾನೆಯ ಬಸ್ಸಿಗೆ ಏಳಬೇಕೆಂದು ಎಲ್ಲರಿಗಿಂತ ಮೊದಲು ಅವಳೇ ಮಲಗಿದಳು.