ತಾಯಿ ಕಡೆಯ ಹೆಸರು

ಈ ವರ್ಷವೂ ನನ್ನ ಆದಾಯ ತೆರಿಗೆಯ ರೀಫಂಡು ಖಾತೆಗೆ ಬೀಳದೆ ವಾಪಸ್ಸು ಹೋಯಿತು. ಕಾರಣ ಹಳೆಯದೇ. ಪ್ಯಾನ್ ಕಾರ್ಡಿನ ಹೆಸರಿಗೂ ಬ್ಯಾಂಕಿನ ಹೆಸರಿಗೂ ತಾಳೆಯಾಗುವುದಿಲ್ಲ.

ನಮ್ಮ ಕರಾವಳಿಯ ಮನೆಗಳಲ್ಲಿ ಮಕ್ಕಳಿಗೆ ತಾಯಿಯ ಮನೆತನದ ಹೆಸರು ಬರುತ್ತದೆ. ಅದು ಮುಂದುವರಿಯುವುದು ಹೆಣ್ಣುಮಕ್ಕಳಿಂದಲೇ. ಊರಿನ ಬ್ಯಾಂಕ್ ಖಾತೆಯಲ್ಲಿ ನನಗಿರುವುದೂ ಅದೇ. ಸೂರತ್ತಿಗೆ ಬಂದು ಅಡಾಜಣ್‌ನಲ್ಲಿ ಹೋಟೆಲು ಹಾಕಿದಾಗ ಪ್ಯಾನ್ ಅರ್ಜಿ ತುಂಬಿಕೊಟ್ಟ ಏಜೆಂಟ್ ಮಾತ್ರ, "ಬಾಪ್ ಕಾ ಸರ್‌ನೇಮ್ ಅಲಗ್ ಕೈಸೇ ಹೋಗಾ, ಶೇಠ್?" ಎಂದು ನಕ್ಕು ಅಪ್ಪನ ಮನೆತನದ ಹೆಸರು ಬರೆದ. ಉಪಕಾರ ಮಾಡಿದೆನೆಂದೇ ತಿಳಿದಿದ್ದ, ಪುಣ್ಯಾತ್ಮ.

ಪ್ಯಾನ್ ತಿದ್ದಿಸಹೊರಟರೆ ಜಿಎಸ್‌ಟಿ, ಲೈಸೆನ್ಸು, ಬಾಡಿಗೆ ಕರಾರು ಎಲ್ಲವನ್ನೂ ತಿದ್ದಿಸಬೇಕು. ಬ್ಯಾಂಕಿನಲ್ಲಿ ಬದಲಿಸೋಣವೆಂದರೆ ಮನಸ್ಸು ಒಪ್ಪುವುದಿಲ್ಲ. ಅದು ಅಮ್ಮನಿಂದ ಬಂದ ಹೆಸರು. ಹಾಗಾಗಿ ಪ್ರತಿ ವರ್ಷ ಯಾವನೋ ಹೊಸ ಟ್ಯಾಕ್ಸ್ ಕನ್ಸಲ್ಟೆಂಟನ ಮುಂದೆ ಕೂತು ನನ್ನ ಅಜ್ಜಿಯ ಮನೆತನದ ಕಥೆ ಹೇಳುತ್ತೇನೆ. ಅವನು ಆಕಳಿಸುತ್ತಾನೆ.

ಮಗಳು ಹುಟ್ಟಿದಾಗ, ಈ ತಾಪತ್ರಯ ಅವಳಿಗಾದರೂ ಬೇಡವೆಂದು, ಆಸ್ಪತ್ರೆಯ ಫಾರಮ್ಮಿನಲ್ಲಿ ನನ್ನ ಪ್ಯಾನಿನಲ್ಲಿದ್ದ ಹೆಸರನ್ನೇ ಬರೆದುಬಿಟ್ಟೆ. ಬರಬೇಕಾಗಿದ್ದದ್ದು ಹೆಂಡತಿಯ ಮನೆತನದ ಹೆಸರು. ಅವಳನ್ನು ಕೇಳಲಿಲ್ಲ.

ಮೊನ್ನೆ ಮಗಳಿಗೆ ಹದಿನೆಂಟು ತುಂಬಿತು. ಹೋಟೆಲಿನಲ್ಲೇ ಕೂತು ಮೊಬೈಲಿನಿಂದ ಪ್ಯಾನಿಗೆ ಅರ್ಜಿ ಹಾಕಿದಳು. "ಪಪ್ಪಾ, ಹೋ ಗಯಾ. ಒಂದೂ ಎರರ್ ಬಂದಿಲ್ಲ," ಎಂದಳು.

ಚಟ್ನಿಗೆ ಕಾಯಿ ತುರಿಯುತ್ತಿದ್ದ ಹೆಂಡತಿ ಕೈ ಒರೆಸಿಕೊಂಡು ಬಂದು, ಮೊಬೈಲು ಇಸಕೊಂಡು, ಪೂರ್ತಿ ಹೆಸರನ್ನು ನಿಧಾನವಾಗಿ ಓದಿದಳು.

"ನಮ್ಮಮ್ಮನಿಗೆ ನಾನೊಬ್ಬಳೇ ಮಗಳು," ಎಂದಳು. ಮತ್ತೆ ತುರಿಯಲು ಕೂತಳು.