ಎಡಗೆನ್ನೆಯ ಒಂಬತ್ತು ಫೋಟೋಗಳು

2007, ಮಾರ್ಚ್ 11, ಭಾನುವಾರ, ಬೆಳಿಗ್ಗೆ ಏಳೂಕಾಲು. ಶೇವ್ ಮಾಡಿಕೊಳ್ಳುತ್ತಿದ್ದೆ. ಬಲಗೆನ್ನೆ ಮುಗಿಸಿ ಎಡಕ್ಕೆ ಬಂದಾಗ ರೇಜರ್ ಒಂದು ಕಡೆ ಚರ್ಮಕ್ಕೆ ತಾಗಲಿಲ್ಲ. ನೊರೆ ಹಾಗೇ ಉಳಿಯಿತು. ಮತ್ತೊಮ್ಮೆ ಎಳೆದೆ. ಮತ್ತೆ ಉಳಿಯಿತು. ಬೆರಳಿಟ್ಟು ನೋಡಿದರೆ ಅಲ್ಲೊಂದು ಸಣ್ಣ ತಗ್ಗು.

ನೋವಿರಲಿಲ್ಲ.

ಬಾಳೆಹೊನ್ನೂರಿನ ಹತ್ತಿರದ ಒಂದು ಕಾಫಿ ಎಸ್ಟೇಟಿನಲ್ಲಿ ನಾನು ರೈಟರ್. ಆಳುಗಳ ಹಾಜರಿ, ಗೊಬ್ಬರದ ಲೆಕ್ಕ, ಬೆಳಿಗ್ಗೆ ಎಂಟಕ್ಕೆ ಮಳೆಯ ಅಳತೆ ಬರೆಯುವುದು ನನ್ನ ಕೆಲಸ. ಆ ದಿನದ ಡೈರಿಯಲ್ಲಿ 'ಮಳೆ ಇಲ್ಲ' ಎಂಬುದರ ಕೆಳಗೆ 'ಎಡಗೆನ್ನೆಯಲ್ಲಿ ತಗ್ಗು' ಎಂದು ಬರೆದಿದ್ದೇನೆ. ಆಗ ನನಗೆ ಇಪ್ಪತ್ತನಾಲ್ಕು.

ಯುಗಾದಿಗೆ ಶೆಟ್ಟಿಕೊಪ್ಪದ ಮನೆಗೆ ಹೋದಾಗ ಅವ್ವ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿದಳು. "ಎಂತದೋ ಇದು? ಒಂದೇ ಕಡೆ ಬಡವಾಗಿದೀಯ."

"ಎಡಮಗ್ಗುಲಲ್ಲೇ ಮಲಗ್ತಾನೆ, ಸವೆದಿದೆ" ಅಂದ ಅಣ್ಣ. ಎಲ್ಲರೂ ನಕ್ಕೆವು. ಮಳೆಗಾಲ ಮುಗಿಯುವ ಹೊತ್ತಿಗೆ ಯಾರೂ ನಗುತ್ತಿರಲಿಲ್ಲ. ತಗ್ಗು ಕೆನ್ನೆಯಿಂದ ದವಡೆಗೆ ಇಳಿದಿತ್ತು. ಹಣೆಯ ಮೇಲೂ ಒಂದು ಗೀರು ಮೂಡಿತ್ತು. ಮನೆಗೆ ಹೋದಾಗಲೆಲ್ಲ ಅವ್ವ ಅದರ ಮೇಲೆ ವಿಭೂತಿಯನ್ನು ದಪ್ಪಗೆ ಹಚ್ಚುತ್ತಿದ್ದಳು.

ಶಿವಮೊಗ್ಗದ ಸ್ಕಿನ್ ಡಾಕ್ಟರ್ ಬಯಾಪ್ಸಿ ಮಾಡಿಸಿದರು. ಹೆಮಿಫೇಶಿಯಲ್ ಅಟ್ರೋಫಿ. ಮುಖದ ಅರ್ಧಭಾಗದಲ್ಲಿ ಚರ್ಮದಡಿಯ ಕೊಬ್ಬು ತಾನಾಗಿ ಕರಗುತ್ತಾ ಹೋಗುವ ಕಾಯಿಲೆ. ಏಕೆ ಬರುತ್ತದೆಂದು ಗೊತ್ತಿಲ್ಲ. ಒಂದು ದಿನ ತಾನೇ ನಿಲ್ಲುತ್ತದೆ. ಯಾವ ದಿನ ಎಂದೂ ಗೊತ್ತಿಲ್ಲ. ನಿಲ್ಲುವವರೆಗೆ ಏನನ್ನೂ ತುಂಬಿಸುವಂತಿಲ್ಲ, ಕಾಯಬೇಕು.

ಕಾದೆ. ಮಾತ್ರೆ ನುಂಗಿದೆ. ಬಸ್ಸಿನಲ್ಲಿ ಎಡಗಡೆಯ ಕಿಟಕಿ ಸೀಟು ಸಿಗದಿದ್ದರೆ ಮುಂದಿನ ಬಸ್ಸಿಗೆ ನಿಲ್ಲುವುದನ್ನು ಕಲಿತೆ. ಕಿಟಕಿಯ ಕಡೆ ಎಡಗೆನ್ನೆ ಇದ್ದರೆ ಪಕ್ಕದವರಿಗೆ ನಾನು ಪೂರ್ತಿ ಮನುಷ್ಯ. ಎಸ್ಟೇಟಿನ ಕ್ವಾರ್ಟರ್ಸಿನಲ್ಲಿ ಸಂಜೆ ಕಾರ್ಡ್ಸ್ ಆಟಕ್ಕೆ ಕರೆಯುತ್ತಿದ್ದವರು ಮೆಲ್ಲಗೆ ಕರೆಯುವುದನ್ನು ಬಿಟ್ಟರು. ಅವರ ತಪ್ಪೇನಿಲ್ಲ. ನಾಲ್ಕು ಜನ ಸುತ್ತ ಕೂರುವ ಆಟದಲ್ಲಿ ಎಡಕ್ಕೊಬ್ಬ ಇದ್ದೇ ಇರುತ್ತಾನೆ, ಅದಕ್ಕೆ ನಾನೇ ನೆಪ ಹೇಳುತ್ತಿದ್ದೆ. ಜ್ವರ ಬಂದವನಿಗೆ ಗಂಜಿ ತಂದುಕೊಡುವ ಜನ ಅವರು. ಜ್ವರವೂ ಇಲ್ಲದ, ನೋವೂ ಇಲ್ಲದ ಕಾಯಿಲೆಗೆ ಏನು ತರಬೇಕೆಂದು ಅವರಿಗೂ ತಿಳಿಯಲಿಲ್ಲ.

2008ರ ಕೊನೆಗೆ ಶಿವಮೊಗ್ಗದ ಡಾಕ್ಟರ್ ಕಾಯಿಲೆ ನಿಂತಿದೆ ಎಂದರು. ಮಂಗಳೂರಿನ ಒಬ್ಬ ಪ್ಲಾಸ್ಟಿಕ್ ಸರ್ಜನ್ ಹತ್ತಿರ ಕಳಿಸಿದರು. ರಜೆ ಕೇಳಿದಾಗ ಮೇಸ್ತ್ರಿ ಅಂದ, "ಹೀರೋ ಆಗಕ್ಕೆ ಹೊರಟ್ರಾ ರೈಟ್ರೇ?" ಅವನ ಮಾತಿಗೆ ನಾನೂ ಹಲ್ಲು ಬಿಟ್ಟೆ.

ಮಂಗಳೂರಿನ ಡಾಕ್ಟರು ಕರಾವಳಿಯ ಹೆಂಗಸು, ನೇರ ಮಾತು. "ಹೊಟ್ಟೆಯಿಂದ ಕೊಬ್ಬು ತೆಗೆದು ಮುಖಕ್ಕೆ ಹಾಕುದು. ಫ್ಯಾಟ್ ಗ್ರಾಫ್ಟಿಂಗ್. ಆದರೆ ಹಾಕಿದ್ದೆಲ್ಲ ನಿಲ್ಲುದಿಲ್ಲ. ಒಂದು ಪಾಲನ್ನು ಮೈಯೇ ತಿಂತದೆ. ಎಷ್ಟು ಅಂತ ಮೊದಲೇ ಹೇಳ್ಲಿಕ್ಕೆ ಆಗುದಿಲ್ಲ." ಆಮೇಲೆ ಇನ್ನೊಂದು ಹೇಳಿದರು. ತೆಗೆದ ಕೊಬ್ಬಿನ ಒಂದು ಪಾಲಿನಿಂದ ಸ್ಟೆಮ್ ಸೆಲ್ ಬೇರ್ಪಡಿಸಿ ಉಳಿದ ಕೊಬ್ಬಿಗೆ ಬೆರೆಸಿ ಹಾಕುವ ಹೊಸ ಕ್ರಮ ಬಂದಿದೆ. ಹೆಚ್ಚು ಉಳಿಯುತ್ತದೆ ಎಂದು ಕೆಲವರು, ಏನೂ ವ್ಯತ್ಯಾಸವಿಲ್ಲ ಎಂದು ಕೆಲವರು.

"ನೀವೇನು ಹೇಳ್ತೀರಿ?"

"ನಂಗೆ ಗೊತ್ತಿಲ್ಲ ಅಂತ ಹೇಳ್ತೇನೆ."

ಅದೇ ಮಾತಿಗೆ ಅವರ ಮೇಲೆ ನಂಬಿಕೆ ಬಂತು. ನಮ್ಮ ತೋಟದಲ್ಲಿ ಹೊಸ ಗೊಬ್ಬರ ಬಂದರೆ ಒಂದು ಸಾಲಿನ ಗಿಡಗಳನ್ನು ಬಿಟ್ಟು ಉಳಿದವಕ್ಕೆ ಹಾಕುತ್ತೇವೆ. ಬಿಟ್ಟ ಸಾಲು ಇಲ್ಲದಿದ್ದರೆ ಗೊಬ್ಬರದ ಗುಣ ತಿಳಿಯುವುದು ಹೇಗೆ? ಇದನ್ನು ಹೇಳಿ, ಕೆನ್ನೆಗೆ ಸ್ಟೆಮ್ ಸೆಲ್ ಬೆರೆಸಿದ್ದು, ದವಡೆಗೆ ಬರೀ ಕೊಬ್ಬು ಹಾಕಬಹುದೇ ಎಂದು ಕೇಳಿದೆ.

ಅವರು ಪೆನ್ನು ಕೆಳಗಿಟ್ಟು ನಕ್ಕರು. "ಮುಖವನ್ನೇ ತೋಟ ಮಾಡ್ತೀರಲ್ಲ ಮಾರಾಯ್ರೆ!" ಆದರೆ ಒಪ್ಪಿದರು. ಒಂದು ಷರತ್ತು ಹಾಕಿದರು. "ಆಪರೇಷನ್ ಆದ ಮೇಲೆ ದಿನಾ ಕನ್ನಡಿ ನೋಡ್ಬೇಡಿ, ತಲೆ ಕೆಡ್ತದೆ. ತಿಂಗಳಿಗೊಂದು ಫೋಟೋ ತೆಗೆಸಿ. ಒಂದೇ ಜಾಗ, ಒಂದೇ ಬೆಳಕು. ನವೆಂಬರಿಗೆ ಎಲ್ಲ ಹಿಡ್ಕೊಂಡು ಬನ್ನಿ."

2009ರ ಜನವರಿಯಲ್ಲಿ ಆಪರೇಷನ್ ಆಯಿತು. ಅಣ್ಣ ಒಂದು ರಾತ್ರಿ ಇದ್ದು ಹೋದ. ಉಳಿದ ದಿನಗಳಲ್ಲಿ ಊದಿದ ಮುಖ ಹೊತ್ತು ಒಬ್ಬನೇ ಮಲಗಿದ್ದೆ. ಪಕ್ಕದ ಹಾಸಿಗೆಯವರನ್ನು ನೋಡಲು ಬಂದವರು ನನ್ನನ್ನು ಏನಾಯಿತೆಂದು ಕೇಳುತ್ತಿದ್ದರು. ಬಸ್ಸಿನಿಂದ ಬಿದ್ದೆ ಎನ್ನುತ್ತಿದ್ದೆ. ಆಗ ಕಿತ್ತಳೆ ಹಣ್ಣು ಕೊಡುತ್ತಿದ್ದರು.

ಕ್ವಾರ್ಟರ್ಸಿಗೆ ಬಂದು ಕನ್ನಡಿಯನ್ನು ಗೋಡೆಯಿಂದ ತೆಗೆದು ಟ್ರಂಕಿನಲ್ಲಿಟ್ಟೆ. ಫೆಬ್ರವರಿಯಿಂದ ಅಕ್ಟೋಬರ್‌ವರೆಗೆ ಪ್ರತಿ ತಿಂಗಳ ಎರಡನೇ ಭಾನುವಾರ ಬಾಳೆಹೊನ್ನೂರಿನ ನಾಗಣ್ಣನ ಸ್ಟುಡಿಯೋಕ್ಕೆ ಹೋದೆ. ಅದೇ ಸ್ಟೂಲು, ಅದೇ ನೀಲಿ ಪರದೆ. ಮಾರನೇ ವಾರ ಪ್ರಿಂಟ್ ತಂದು ಹಿಂದೆ ದಿನಾಂಕ ಬರೆಯುತ್ತಿದ್ದೆ. ಮೊದಲ ಫೋಟೋದಲ್ಲಿ ಎಡಗೆನ್ನೆ ತುಂಬಿತ್ತು. ಏಪ್ರಿಲ್‌ನಲ್ಲೂ ತುಂಬಿತ್ತು. ಆಗಸ್ಟಿನಲ್ಲೂ. ಕೆನ್ನೆಯೂ, ಬಿಟ್ಟ ಸಾಲಿನಂಥ ದವಡೆಯೂ.

ಜೂನ್‌ನಲ್ಲಿ ಒಂದು ಬೆಳಿಗ್ಗೆ, ಕನ್ನಡಿಯಿಲ್ಲದೆ ಶೇವ್ ಮಾಡುವಾಗ, ರೇಜರ್ ದವಡೆಯ ಹತ್ತಿರ ಮತ್ತೆ ಚರ್ಮಕ್ಕೆ ತಾಗದೆ ಗಾಳಿಗೆ ಹೋಯಿತು. ಕೈ ನಿಂತಿತು. ಆಮೇಲೆ ಮೇಜಿನ ಮೇಲಿದ್ದ ಮೇ ತಿಂಗಳ ಫೋಟೋ ನೋಡಿದೆ. ಸರಿಯಾಗಿಯೇ ಇತ್ತು. ಕೈಯ ಮಾತು ಬಿಟ್ಟು ಫೋಟೋವನ್ನು ನಂಬಿದೆ.

ನವೆಂಬರ್‌ನಲ್ಲಿ ಡಾಕ್ಟರು ಒಂಬತ್ತೂ ಫೋಟೋಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟರು. ಅವರ ಮುಖ ಅರಳಿತು. ನಂತರ ಎದ್ದು ಬಂದು ನನ್ನ ಕೆನ್ನೆ ಮುಟ್ಟಿದರು. ದವಡೆ ಮುಟ್ಟಿದರು. ಮತ್ತೆ ಫೋಟೋ ನೋಡಿದರು.

"ಫೋಟೋದಲ್ಲಿ ಉಂಟು. ಮುಖದಲ್ಲಿ ಇಲ್ಲ."

ಆ ಭಾನುವಾರ ಪ್ರಿಂಟುಗಳನ್ನು ನಾಗಣ್ಣನ ಕೌಂಟರಿನ ಮೇಲಿಟ್ಟೆ. "ಇವನ್ನ ಏನು ಮಾಡಿದ್ರಿ?"

"ಎಂತ ಮಾಡದು, ಎಲ್ಲರಿಗೂ ಮಾಡೋದೇ. ಬಲಗೆನ್ನೆ ಕಾಪಿ ಮಾಡಿ ತಿರುಗಿಸಿ ಎಡಕ್ಕೆ ಕೂರಿಸ್ದೆ. ಯಾಕೆ, ಗೊತ್ತಾಗ್ತದಾ?" ಅವನ ಮುಖದಲ್ಲಿ ಕಸುಬಿನ ಆತಂಕ.

"ಮಾಡಿ ಅಂತ ನಾನು ಹೇಳಿದ್ನಾ?"

"ಹೇಳ್ಬೇಕಾ ರೈಟ್ರೇ? ಮದುವೆ ವಯಸ್ಸಿನ ಗಂಡು, ತಿಂಗಳು ತಿಂಗಳು ಬಂದು ಫೋಟೋ ತೆಗೆಸ್ತೀರಿ. ಹೆಣ್ಣಿನ ಕಡೆಯವ್ರಿಗೆ ಕಳಿಸ್ತಾ ಇದೀರಿ, ಪಾಪ, ಒಂದೂ ಕುದುರ್ತಾ ಇಲ್ಲ ಅಂದ್ಕಂಡೆ. ಪ್ರತಿ ಸಲ ಇನ್ನೂ ಸ್ವಲ್ಪ ಚೆನ್ನಾಗಿ ಮಾಡ್ದೆ."

ತಿದ್ದದ ಫೈಲುಗಳು ಇವೆಯೇ ಎಂದು ಕೇಳಿದೆ. ಕಂಪ್ಯೂಟರಿನಲ್ಲಿ ಜಾಗವಿಲ್ಲವೆಂದು ಆಗಾಗ ಅಳಿಸಿಹಾಕಿದ್ದ.

ಸಿಟ್ಟು ಮಾಡಲು ಬಾಯಿ ತೆರೆದವನು ಪ್ರಿಂಟುಗಳನ್ನು ಒಂದರ ಮೇಲೊಂದು ಜೋಡಿಸತೊಡಗಿದೆ. ಎರಡೂವರೆ ವರ್ಷದಲ್ಲಿ ನನ್ನ ಮದುವೆಯ ಬಗ್ಗೆ ಇಷ್ಟು ಯೋಚಿಸಿದವರು ಅವ್ವನನ್ನು ಬಿಟ್ಟರೆ ಇವನೊಬ್ಬನೇ.

ಆದರೆ ಕಳೆದುಹೋದದ್ದು ಸಣ್ಣದಲ್ಲ. ಕೊಬ್ಬು ಮೊದಲ ಮೂರ್ನಾಲ್ಕು ತಿಂಗಳಲ್ಲಿ ಕರಗಿ ಅಲ್ಲಿಗೇ ನಿಂತಿದ್ದರೆ ಅದು ಮೈ ತಿಂದ ಪಾಲು, ಮತ್ತೊಮ್ಮೆ ಹಾಕಬಹುದು. ಈಗಲೂ ತಿಂಗಳು ತಿಂಗಳು ಇಳಿಯುತ್ತಿದ್ದರೆ ಕಾಯಿಲೆ ಮತ್ತೆ ಎದ್ದಿದೆ ಎಂದರ್ಥ, ಹಾಕುವಂತಿಲ್ಲ. ಅದನ್ನು ಹೇಳಬೇಕಿದ್ದುದು ಆ ಒಂಬತ್ತು ಫೋಟೋಗಳು. ಕೆನ್ನೆಯಲ್ಲಿ ದವಡೆಗಿಂತ ತುಸು ಹೆಚ್ಚು ಉಳಿದಿದೆ ಎಂದು ಡಾಕ್ಟರ ಬೆರಳಿಗೆ ಅನಿಸಿದೆ. ಅದು ಸ್ಟೆಮ್ ಸೆಲ್ಲಿನಿಂದಲೋ, ಮಾತಾಡುವಾಗ ಅಗಿಯುವಾಗ ದವಡೆಯೇ ಹೆಚ್ಚು ಆಡುವುದರಿಂದಲೋ ಎಂದು ಅವರೂ ಹೇಳುವುದಿಲ್ಲ. ಒಂದೇ ಮುಖ, ಒಂದೇ ಸಾಲು. ಮತ್ತೆ ಮೊದಲಿನಿಂದ ಅಳೆಯಬೇಕು, ಕಾಯಬೇಕು.

ಕಾಯುವುದು ಗೊತ್ತಿದೆ. ಕನ್ನಡಿಯನ್ನು ಮತ್ತೆ ಗೋಡೆಗೆ ಹಾಕಿದ್ದೇನೆ. ಆಪರೇಷನ್ನಿಗೆ ಮುಂಚಿನ ಮುಖಕ್ಕಿಂತ ಇದು ಮೇಲು, ಅದಂತೂ ನಿಜ.

ಆ ಭಾನುವಾರವೇ ನಾಗಣ್ಣ ಹೊಸ ಫೋಟೋ ತೆಗೆದ. ಕಂಪ್ಯೂಟರಿನಲ್ಲಿ ನನ್ನ ಮುಖ ಬಂತು. ಅಭ್ಯಾಸಬಲದಿಂದ ಅವನ ಕೈ ಮೌಸಿನ ಮೇಲೆ ಹೋಯಿತು. ತೆಗೆದು ತೊಡೆಯ ಮೇಲಿಟ್ಟುಕೊಂಡ. ನಂತರ ಪರದೆ ಬಿಟ್ಟು ನನ್ನನ್ನೇ ನೋಡಿದ. ಬಲಗಡೆ, ಎಡಗಡೆ, ನಿಧಾನವಾಗಿ. ಬಹಳ ದಿನಗಳಿಂದ ಯಾರೂ ಹಾಗೆ ನೋಡಿರಲಿಲ್ಲ.

"ನೋಯ್ತದಾ ರೈಟ್ರೇ?"

"ಇಲ್ಲ" ಅಂದೆ. "ಟೀ ಕುಡಿಯೋಣ ಬನ್ನಿ" ಅಂದ. ಹೋಟೆಲಿನಲ್ಲಿ ನನ್ನ ಎಡಗಡೆಯೇ ಕೂತ.

ಈ ಕಾಯಿಲೆ ಇರುವವರು, ಸ್ಟೆಮ್ ಸೆಲ್ ಬೆರೆಸಿಯೋ ಬೆರೆಸದೆಯೋ ಮುಖಕ್ಕೆ ಕೊಬ್ಬು ಹಾಕಿಸಿಕೊಂಡವರು, ಹಾಕಿದ ವೈದ್ಯರು ಇದನ್ನು ಓದಿದರೆ ಈ ಪತ್ರಿಕೆಯ ವಿಳಾಸಕ್ಕೆ ದಯವಿಟ್ಟು ಬರೆಯಿರಿ. ಎಷ್ಟು ಉಳಿಯಿತು, ಯಾವ ತಿಂಗಳಿನವರೆಗೆ ಇಳಿಯಿತು, ಯಾವಾಗ ನಿಂತಿತು, ಇಷ್ಟು ತಿಳಿಸಿದರೆ ಸಾಕು. ಚೆನ್ನಾಗಿ ಆಗದಿದ್ದರೂ ಬರೆಯಿರಿ. ಫೋಟೋ ಕಳಿಸುವುದಾದರೆ ತಿದ್ದದೆ ಕಳಿಸಿ.