ಮೂರಿಂಚು ತಗ್ಗಿದ ಪಿಕಪ್

ನಾನು ಮೆಕ್ಯಾನಿಕಲ್ ಎಂಜಿನಿಯರ್. ಮೂವತ್ತೊಂಬತ್ತು ತುಂಬುವವರೆಗೆ ಗೋಡೆಗೆ ಒಂದು ಮೊಳೆ ಹೊಡೆದವನಲ್ಲ. ಹೇಳಿಕೊಳ್ಳಲು ನಾಚಿಕೆಯಾಗಬೇಕಾದ ಮಾತು ಇದು. ಆದರೆ ನಮ್ಮ ಮನೆಯಲ್ಲಿ ಬಹಳ ಕಾಲ ಇದೇ ಹೆಮ್ಮೆಯ ಮಾತಾಗಿತ್ತು.

ನನ್ನ ಅಪ್ಪ ದಾವಣಗೆರೆಯಲ್ಲಿ ಲಾರಿ ಬಾಡಿ ಕಟ್ಟುವ ಶೆಡ್ಡೊಂದರಲ್ಲಿ ಟಿಂಕರ್ ಆಗಿದ್ದ. ಸೊಟ್ಟಗಾದ ತಗಡನ್ನು ಬಡಿದು ನೆಟ್ಟಗೆ ಮಾಡುವುದು ಅವನ ಕೆಲಸ. ನಾನು ಹತ್ತು ವರ್ಷದವನಿದ್ದಾಗ ಒಮ್ಮೆ ಬುತ್ತಿ ಕೊಡಲು ಹೋದವನು, ಅವನು ಕೈ ತೊಳೆಯಲು ಹೋದ ಹೊತ್ತಿನಲ್ಲಿ ಸುತ್ತಿಗೆ ಎತ್ತಿ ಒಂದು ಮಡ್‌ಗಾರ್ಡಿಗೆ ಎರಡು ಏಟು ಹಾಕಿದೆ. ಮೂರನೆಯ ಏಟು ನನ್ನ ಕೆನ್ನೆಗೆ ಬಿತ್ತು. “ಇದನ್ನ ಇನ್ನೊಂದ್ಸಲ ಮುಟ್ಟಿದ್ರ ಕೈ ಮುರೀತೀನಿ. ನೀನು ಹಿಡಿಯೋದು ಪೆನ್ನು” ಎಂದ. ಹೊಡೆದದ್ದಕ್ಕಲ್ಲ, ಮುಟ್ಟಿದ್ದಕ್ಕೆ ಬಿದ್ದ ಏಟು ಅದು. ಅಲ್ಲಿಂದ ನಾನು ಪೆನ್ನು ಹಿಡಿದವನು ಬಿಡಲಿಲ್ಲ. ಬೀದಿ ದೀಪದ ಕಥೆ ಹೇಳುವುದಿಲ್ಲ, ನಮ್ಮ ಮನೆಯಲ್ಲಿ ಕರೆಂಟು ಇತ್ತು. ಇಲ್ಲದಿದ್ದುದು ಓದಿದವರು. ಕಾಲೇಜಿನ ವರ್ಕ್‌ಶಾಪಿನಲ್ಲಿ ಕಬ್ಬಿಣ ಉಜ್ಜುವ ಪರೀಕ್ಷೆ ಇರುತ್ತಿತ್ತು. ಅದನ್ನೂ ಅಲ್ಲಿನ ಅಟೆಂಡರು ಉಜ್ಜಿಕೊಡುತ್ತಿದ್ದ, ಮಾರ್ಕು ನನಗೆ ಬೀಳುತ್ತಿತ್ತು. ನಮ್ಮ ವಂಶದಲ್ಲೇ ಮೊದಲ ಪದವಿ ಹೀಗೆ ಕೈಗೆ ಮಸಿ ಮೆತ್ತಿಕೊಳ್ಳದೆ ಮನೆಗೆ ಬಂತು.

ನೈರೋಬಿಗೆ ಬಂದ ಮೇಲಂತೂ ಕೇಳುವುದೇ ಬೇಡ. ಈ ಊರಿನಲ್ಲಿ ಎಂಜಿನಿಯರ್ ಎಂಬುದು ಕೆಲಸವಲ್ಲ, ಹೆಸರು. ಇಂಡಸ್ಟ್ರಿಯಲ್ ಏರಿಯಾದ ಪ್ಲಾಸ್ಟಿಕ್ ಫ್ಯಾಕ್ಟರಿಯಲ್ಲಿ ನಾನು ಮೆಂಟೆನೆನ್ಸ್ ಮ್ಯಾನೇಜರ್. ಯಂತ್ರ ಕೆಟ್ಟರೆ ಬೇರೆಯವರು ರಿಪೇರಿ ಮಾಡುತ್ತಿದ್ದರು, ನಾನು ಸಹಿ ಹಾಕುತ್ತಿದ್ದೆ. ಕಾವಲುಗಾರನಿಂದ ಹಿಡಿದು ಮಾಲೀಕರವರೆಗೆ ಎಲ್ಲರೂ “ಎಂಜಿನಿಯರ್, ಹಬಾರಿ?” ಎಂದೇ ಕ್ಷೇಮ ವಿಚಾರಿಸುತ್ತಿದ್ದರು. ಒಂದೊಂದು ದಿನ ನನಗೇ ನನ್ನ ಹೆಸರು ಥಟ್ಟನೆ ನೆನಪಾಗುತ್ತಿರಲಿಲ್ಲ.

ಆ ವರ್ಷಗಳ ನೈರೋಬಿಯನ್ನು ನೆನೆದರೆ ನನಗೆ ಮೊದಲು ಕಾಣುವುದು ಮಟಾಟು ಎಂಬ ಬಾಡಿಗೆ ಮಿನಿಬಸ್ಸುಗಳು. ನಾವು ಬಂದ ಹೊಸದರಲ್ಲಿ ಒಂದೊಂದು ಮಟಾಟುವೂ ಮದುವೆಗೆ ಹೊರಟ ಹುಡುಗಿಯಂತೆ ಬಣ್ಣ ಬಳಿದುಕೊಂಡು, ಊರಿಗೆಲ್ಲ ಕೇಳುವಂತೆ ಹಾಡು ಹಾಕಿಕೊಂಡು ಓಡುತ್ತಿತ್ತು. ಆಮೇಲೆ ಸರ್ಕಾರ ಅವಕ್ಕೆಲ್ಲ ಒಂದೇ ಹಳದಿ ಪಟ್ಟಿ ತೊಡಿಸಿ ಸ್ಕೂಲಿಗೆ ಸೇರಿಸಿಬಿಟ್ಟಿತು. ಶಿಸ್ತು ಒಳ್ಳೆಯದೇ, ನಾನೂ ಒಪ್ಪುತ್ತೇನೆ. ಆದರೂ ರಸ್ತೆ ಬಿಕೋ ಎನ್ನತೊಡಗಿತು. ಸರಿಯಾಗಿ ಅದೇ ಸುಮಾರಿಗೆ ಪೇಟೆಯ ಫುಟ್‌ಪಾತಿನ ಹಳೆ ಪುಸ್ತಕದವನ ಹತ್ತಿರ ನನಗೊಂದು ರಟ್ಟು ಹರಿದ ಅಮೆರಿಕನ್ ಪತ್ರಿಕೆ ಸಿಕ್ಕಿತು. ಅದರಲ್ಲಿ ಹಾಟ್ ರಾಡ್ ಎಂಬ ವಸ್ತುವಿನ ಚಿತ್ರಗಳಿದ್ದವು.

ಹಾಟ್ ರಾಡ್ ಎಂದರೆ ಇಷ್ಟೇ: ಯಾರಿಗೂ ಬೇಡವಾದ ಹಳೆ ಗಾಡಿಯನ್ನು ಮನೆಯ ಹಿತ್ತಿಲಿಗೆ ತಂದು, ಬೇಡದ್ದನ್ನೆಲ್ಲ ಕಿತ್ತು, ಚಾವಣಿ ಕತ್ತರಿಸಿ ಕೆಳಗಿಳಿಸಿ, ನಿಂತಲ್ಲೇ ಓಡುವಂತೆ ಕಾಣುವ ಹಾಗೆ ಮಾಡುವುದು. ಇದನ್ನು ಮೊದಲು ಮಾಡಿದವರು ಕೈಯಲ್ಲಿ ಕಾಸಿಲ್ಲದ ಹುಡುಗರಂತೆ. ನನಗೆ ಹಿಡಿಸಿದ್ದು ಅದೇ. ಸೇರಿಸುವುದಕ್ಕೆ ದುಡ್ಡು ಬೇಕು, ಕಳೆಯುವುದಕ್ಕೆ ಗರಗಸ ಸಾಕು. ಸಾಹುಕಾರನ ಗಾಡಿ ಬಡವನ ಕೈಯಲ್ಲಿ ಆಗುವುದು ಹೀಗೆ ಕಳೆಯುತ್ತ ಹೋದಾಗ ಮಾತ್ರ.

ಗಾಡಿಯೂ ಸಿಕ್ಕಿತು. ಫ್ಯಾಕ್ಟರಿಯ ಹಳೆಯ ಪಿಕಪ್ಪನ್ನು ಗುಜರಿಗೆ ಹಾಕುವುದೆಂದು ತೀರ್ಮಾನವಾಗಿತ್ತು. ನಾನು ಮೊದಲ ಸಲ ಈ ನೆಲದಲ್ಲಿ ಇಳಿದಾಗ ಏರ್‌ಪೋರ್ಟಿನಿಂದ ನನ್ನನ್ನೂ ನನ್ನ ಎರಡು ಸೂಟ್‌ಕೇಸುಗಳನ್ನೂ ಉಪ್ಪಿನಕಾಯಿಯ ಡಬ್ಬಿಯನ್ನೂ ತಂದದ್ದು ಅದೇ. ಗುಜರಿಯವನು ಕೊಡುವಷ್ಟನ್ನೇ ಕೊಟ್ಟು, ಹಗ್ಗ ಕಟ್ಟಿ ಎಳೆಸಿಕೊಂಡು, ಸೌತ್ ಬಿ ಎಂಬ ಬಡಾವಣೆಯ ನಮ್ಮ ಬಾಡಿಗೆ ಮನೆಯ ಗ್ಯಾರೇಜಿಗೆ ತಂದೆ. ನನ್ನ ಹೆಂಡತಿ ಶೈಲಜಾ ಮೈಸೂರಿನವಳು, ಜೋರು ಮಾಡುವವಳಲ್ಲ. “ರೀ, ಓಡೋ ಕಾರು ಹೊರಗೆ ಬಿಸಿಲಲ್ಲಿ, ಓಡದೇ ಇರೋದು ಒಳಗೆ ನೆರಳಲ್ಲಿ. ಆಫೀಸಲ್ಲೂ ಹೀಗೇನಾ ನೀವು ಮ್ಯಾನೇಜ್ ಮಾಡೋದು?” ಎಂದಳು, ಅಷ್ಟೇ. ಮಗಳು ಕಿಟಕಿಯಿಂದಲೇ ನೋಡಿ, “ಡ್ಯಾಡ್, ಇಟ್ಸ್ ಡೆಡ್” ಎಂದಳು.

ಸತ್ತಿದ್ದರೂ ಅದರ ಜಾತಕ ಬರೆಯತೊಡಗಿದೆ. ಹನ್ನೊಂದು ತಿಂಗಳು ಪ್ಲಾನ್ ಹಾಕಿದೆ. ಮುಂದಿನಿಂದ, ಪಕ್ಕದಿಂದ, ಮೇಲಿನಿಂದ ಮೂರು ನೋಟದ ಡ್ರಾಯಿಂಗು. ಚಾವಣಿ ನಾಲ್ಕು ಇಂಚು ಕೆಳಕ್ಕೆ. ಸೀಟು ಅಪಘಾತವಾದ ಮಿನಿಬಸ್ಸೊಂದರದ್ದು. ಗಾಜನ್ನು ನ್ಗಾರಾದ ಅಂಗಡಿಯಲ್ಲಿ ಕತ್ತರಿಸಿಕೊಡುತ್ತಾರೆಂದು ವಿಚಾರಿಸಿಕೊಂಡು ಬಂದಿದ್ದೆ. ಹಾಳೆಯ ಮೂಲೆಯ ಚೌಕದಲ್ಲಿ ನನ್ನ ಹೆಸರು, ಅದರ ಮುಂದೆ ಡಿಗ್ರಿ. ಹನ್ನೊಂದು ತಿಂಗಳಲ್ಲಿ ಗಾಡಿಯ ಒಂದು ಬೋಲ್ಟನ್ನೂ ನಾನು ಬಿಚ್ಚಿರಲಿಲ್ಲ. ಪ್ಲಾನ್ ಎಂಬುದು ಓದಿದವರ ತಂಬಾಕು. ಅಗಿಯುತ್ತಿದ್ದರೆ ಹಸಿವು ತಿಳಿಯುವುದಿಲ್ಲ.

ವೆಲ್ಡಿಂಗಿಗೆಂದು ಒಚಿಯೆಂಗ್‌ನನ್ನು ಗೊತ್ತು ಮಾಡಿಕೊಂಡಿದ್ದೆ. ಬಡಾವಣೆಯ ಹಿಂದೆ ಬಯಲಿನಲ್ಲಿ ಕೆಲಸ ಮಾಡುವ ನಡುವಯಸ್ಸಿನ ಫುಂಡಿ. ಇಲ್ಲಿ ಮೇಸ್ತ್ರಿಯನ್ನೂ ಮೆಕ್ಯಾನಿಕ್ಕನ್ನೂ ಟೈಲರನ್ನೂ ಫುಂಡಿ ಎಂದೇ ಕರೆಯುತ್ತಾರೆ, ಕೈ ಬಲ್ಲವನು ಎಂಬ ಅರ್ಥದಲ್ಲಿ. ಅವನು ಪ್ರತಿ ಶನಿವಾರ ಬಂದು, ನನ್ನ ಹೊಸ ಡ್ರಾಯಿಂಗು ನೋಡಿ, ಚಹಾ ಕುಡಿದು, “ಎಂಜಿನಿಯರ್, ಇದು ತುಂಬಾ ಚೆನ್ನಾಗಿದೆ. ಕತ್ತರಿಸುವುದು ಯಾವ ವರ್ಷ?” ಎಂದು ಕೇಳಿ ಹೋಗುತ್ತಿದ್ದ.

ಅಷ್ಟರಲ್ಲಿ ಅಪ್ಪ ಮೂರು ತಿಂಗಳ ವೀಸಾ ಹಿಡಿದು ನೈರೋಬಿಗೆ ಬಂದ.

ಅವನು ಬರುವ ಹಿಂದಿನ ದಿನ ನಾನು ಪಿಕಪ್ಪಿಗೆ ತಾಡಪಾಲು ಹೊದಿಸಿ ಕಟ್ಟಿದೆ. ಮಗ ಮೂವತ್ತು ಜನರ ಮೇಲೆ ಅಧಿಕಾರಿ ಎಂದು ಊರೆಲ್ಲ ಹೇಳಿಕೊಂಡು ಬಂದವನಿಗೆ, ಅದೇ ಮಗ ರಜಾದಿನ ತಗಡು ಬಡಿಯಲು ಹೊರಟಿದ್ದಾನೆಂದು ಹೇಗೆ ಹೇಳುವುದು? ಆದರೆ ಬಂದ ಮರುದಿನ ಬೆಳಿಗ್ಗೆ ಕಾಫಿ ಲೋಟ ಹಿಡಿದು ಹೊರಗೆ ಅಡ್ಡಾಡುತ್ತಿದ್ದ ಅಪ್ಪ, ಆ ತಾಡಪಾಲಿನ ಮೇಲೆ ಬೆರಳ ಗೆಣ್ಣಿನಿಂದ ಎರಡು ಕಡೆ ಟಕ್ ಟಕ್ ಎಂದು ಬಡಿದ. ಮೂವತ್ತು ವರ್ಷದ ಸುತ್ತಿಗೆ ಸದ್ದಿಗೆ ಅವನ ಕಿವಿ ಮಂದವಾಗಿತ್ತು. ನಾವು ಕೂಗಿದರೆ ಕೇಳುತ್ತಿರಲಿಲ್ಲ, ತಗಡು ಪಿಸುಗುಟ್ಟಿದರೆ ಕೇಳುತ್ತಿತ್ತು.

“ಒಳಗ ಗಾಡಿ ಐತಿ. ಬಲಗಡಿ ಬಾಗಿಲಿಗೆ ಪುಟ್ಟಿ ಮೆತ್ತ್ಯಾರ. ಯಾರದಿದು?”

ನಾನು ಎಲ್ಲವನ್ನೂ ಹೇಳಿದೆ. ಅವನು ತಾಡಪಾಲು ಸರಿಸಿ ನೋಡಿದ, ಆಮೇಲೆ ನನ್ನ ಅಂಗೈ ನೋಡಿದ. “ಆಫೀಸರ್ ಆದೋನು ತಗಡು ಬಡೀತೀಯಾ? ಹಂಗಾದ್ರ ನಾನು ಅಷ್ಟು ವರ್ಷ ಬಡಿದದ್ದು ಯಾತಕ್ಕಲೇ?” ಎಂದವನು ಎರಡು ದಿನ ನನ್ನೊಡನೆ ಮಾತಾಡಲಿಲ್ಲ.

ನನ್ನ ಆಸೆ ದೊಡ್ಡದೇನಲ್ಲ. ಹುಟ್ಟಿದ್ದಕ್ಕೆ ಒಂದು ವಸ್ತುವನ್ನಾದರೂ ನನ್ನ ಕೈಯಿಂದ ಮಾಡಿ, ಇದು ನಾನು ಮಾಡಿದ್ದು ಎಂದು ತೋರಿಸಬೇಕಿತ್ತು. ಸಹಿ ತೋರಿಸಿ ಸಾಕಾಗಿತ್ತು. ಅಪ್ಪನ ಹಟವೂ ದೊಡ್ಡದೇನಲ್ಲ. ಮಗನ ಕೈ ಸುತ್ತಿಗೆ ಮುಟ್ಟಬಾರದು, ಅಷ್ಟೇ. ಆ ಒಂದು ಮಾತಿನ ಮೇಲೆ ಅವನ ಇಡೀ ಆಯುಸ್ಸು ನಿಂತಿತ್ತು. ಇವೆರಡೂ ಒಂದೇ ಗ್ಯಾರೇಜಿನಲ್ಲಿ ಹಿಡಿಸುವಂತಿರಲಿಲ್ಲ.

ಮೂರನೆಯ ದಿನ ನಾನು ಫ್ಯಾಕ್ಟರಿಯಿಂದ ಬಂದಾಗ ನನ್ನ ಡ್ರಾಯಿಂಗು ಊಟದ ಮೇಜಿನ ಮೇಲೆ ಹಾಸಿತ್ತು. ಅಪ್ಪ ಅದರ ಮುಂದೆ ಕೂತಿದ್ದ. ಅವನಿಗೆ ಅಕ್ಷರ ಓದಲು ಬರುವುದಿಲ್ಲ, ನಕ್ಷೆ ಓದಲು ಬರುತ್ತದೆ. ಶೆಡ್ಡಿನ ಗೋಡೆಗೆ ಎಂಜಿನಿಯರುಗಳು ಅಂಟಿಸಿ ಹೋದ ನಕ್ಷೆಗಳನ್ನೇ ನೋಡಿ ಅವನು ಲಾರಿ ಕಟ್ಟಿದವನು.

“ಇದು ಕೂರಾಂಗಿಲ್ಲ” ಎಂದ.

“ಯಾಕೆ? ಚಾವಣಿ ಹೊತ್ತ ನಾಲ್ಕು ಕಂಬದಲ್ಲೂ ನಾಲ್ಕು ನಾಲ್ಕು ಇಂಚು ತೆಗೆದರೆ ಅದು ನೇರ ಕೆಳಗೆ ಬಂದು ಕೂರುತ್ತಲ್ಲ.”

ಅವನು ಎದ್ದ. ಅಡುಗೆಮನೆಗೆ ಹೋಗಿ ಖಾಲಿಯಾದ ಹಾಲಿನ ಪ್ಯಾಕೆಟ್ಟೊಂದನ್ನು ತಂದ. ಆಗ ಕೀನ್ಯಾದ ಹಾಲು ಗೋಪುರದಂತಿರುವ, ಮೇಲಕ್ಕೆ ಹೋದಂತೆ ಚೂಪಾಗುವ ರಟ್ಟಿನ ಪ್ಯಾಕೆಟ್ಟಿನಲ್ಲಿ ಬರುತ್ತಿತ್ತು. ಶೈಲಜಾಳ ಕತ್ತರಿ ಕೇಳಿ, ಅದರ ನಡುವಿನಿಂದ ಎರಡು ಬೆರಳಗಲದ ಪಟ್ಟಿಯನ್ನು ಸುತ್ತಲೂ ಕತ್ತರಿಸಿ ತೆಗೆದು, ಮೇಲಿನ ತುಂಡನ್ನು ಕೆಳಗಿನದರ ಮೇಲೆ ಇಟ್ಟ. ಮೇಲಿನದು ಚಿಕ್ಕದು, ಕೆಳಗಿನದು ದೊಡ್ಡದು. ಅದು ಇದರೊಳಗೆ ಪುಳಕ್ಕನೆ ಬಿದ್ದುಹೋಯಿತು.

“ಮುಂದಿನ ಕಂಬ ಓರೆ ಐತಪಾ. ನೆಟ್ಟಗ ಐತಿ ಅಂತ ಬರದೀಯ. ಚಾವಣಿ ಇಳದಷ್ಟೂ ಕಂಬ ಮುಂದಕ್ಕ ಹೋಗತೈತಿ. ನಡುವ ತಗಡು ಹಚ್ಚಿ ಚಾವಣಿ ಉದ್ದ ಮಾಡಬೇಕು.”

ಎರಡು ಸೆಮಿಸ್ಟರು ಓದಿದ ಜ್ಯಾಮಿತಿ ಹಾಲಿನ ವಾಸನೆ ಹೊಡೆಯುತ್ತ ಮೇಜಿನ ಮೇಲೆ ಬಿದ್ದಿತ್ತು. ಹನ್ನೊಂದು ತಿಂಗಳಲ್ಲಿ ಒಂದು ಸಲ ಗಾಡಿಯ ಪಕ್ಕದಲ್ಲಿ ನಿಂತು ಕಣ್ಣು ಬಿಟ್ಟು ನೋಡಿದ್ದರೂ ಸಾಕಿತ್ತು. ನಾನು ಹಾಳೆಯನ್ನೇ ನೋಡಿದ್ದೆ.

“ನೀನು ಮಾಡಿದ್ರ ಗಾಡಿ ಕೆಡತೈತಿ” ಎಂದ ಅಪ್ಪ, “ನಾನು ಮಾಡ್ತೀನಿ. ನೀನು ಕುರ್ಚಿ ಮ್ಯಾಲೆ ಕೂತು ಹೇಳು.”

ಹೀಗೆ ನನ್ನ ಕನಸು ನನ್ನ ಕಣ್ಣೆದುರೇ ಬೇರೆಯವರ ಕೈ ಸೇರಿತು. ಅಪ್ಪನಿಗೂ ಒಚಿಯೆಂಗ್‌ನಿಗೂ ಒಂದು ಭಾಷೆಯಿಲ್ಲ. ಇವನು ದಾವಣಗೆರೆಯದ್ದು ಆಡುತ್ತಿದ್ದ, ಅವನು ಸ್ವಾಹಿಲಿ. ನಡುವೆ ತಗಡು ದುಭಾಷಿ. ಅಪ್ಪ ಅವನನ್ನು ಒಚ್ಚಪ್ಪ ಎಂದ, ಅವನು ಅಪ್ಪನನ್ನು ಹಿರಿಯರಿಗೆ ಹೇಳುವಂತೆ ಮ್ಜೇ ಎಂದ. ನಾನು ಸ್ಪ್ಯಾನರು ಎತ್ತಿಕೊಡಲು ಬಾಗಿದರೂ ಅಪ್ಪ “ಕುಂದ್ರು, ಪ್ಯಾಂಟು ಹೊಲಸಾಕ್ಕತಿ” ಎನ್ನುತ್ತಿದ್ದ. ಒಚಿಯೆಂಗ್ ತಲೆ ಅಲ್ಲಾಡಿಸಿ, “ಪೋಲೆ, ಎಂಜಿನಿಯರ್” ಎಂದು ಸತ್ತ ಮನೆಯಲ್ಲಿ ಸಂತಾಪ ಹೇಳುವ ದನಿಯಲ್ಲಿ ಹೇಳುತ್ತಿದ್ದ. ಚಾವಣಿ ಎಷ್ಟು ಇಳಿಯಬೇಕೆಂದು ನೋಡಲು ಕೂಡ ಅಪ್ಪನೇ ಸೀಟಿನ ಮೇಲೆ ಕೂತು, ತನ್ನ ಟೋಪಿಯ ಮೇಲೆ ನಾಲ್ಕು ಬೆರಳು ಬಿಟ್ಟು ಸೀಮೆಸುಣ್ಣದ ಗೆರೆ ಎಳೆಸಿದ. “ನಾಕು ಇಂಚು ಬ್ಯಾಡ. ಮೂರು ಸಾಕು.”

ಎರಡೂವರೆ ತಿಂಗಳಲ್ಲಿ ಚಾವಣಿ ಬಿಚ್ಚಿತು, ಇಳಿಯಿತು, ಕೂತಿತು. ಉಳಿದದ್ದು ಬೆಸುಗೆಯ ಸಾಲನ್ನು ಬಡಿದು ನಯ ಮಾಡುವುದು. ಅಪ್ಪ ಊರಿಗೆ ಹೊರಡಲು ಒಂದೇ ವಾರವಿತ್ತು. ಆ ಶನಿವಾರ ಒಚಿಯೆಂಗ್ ಪಶ್ಚಿಮದ ದೊಡ್ಡ ಸರೋವರದ ಕಡೆಯ ತನ್ನ ಊರಿಗೆ, ಸಂಬಂಧಿಕರೊಬ್ಬರ ಮಣ್ಣಿಗೆ ಹೋಗಿದ್ದ. ಈ ಕೆಲಸಕ್ಕೆ ಇಬ್ಬರು ಬೇಕು. ಹೊರಗಿನಿಂದ ಒಬ್ಬ ಸುತ್ತಿಗೆ ಬಡಿಯುವಾಗ, ಒಳಗಿನಿಂದ ಇನ್ನೊಬ್ಬ ಸರಿಯಾಗಿ ಅದೇ ಜಾಗಕ್ಕೆ ಡಾಲಿ ಎಂಬ ಕಬ್ಬಿಣದ ಗಟ್ಟಿಯನ್ನು ಒತ್ತಿ ಹಿಡಿಯಬೇಕು. ಇಲ್ಲದಿದ್ದರೆ ತಗಡು ಇನ್ನೊಂದು ಕಡೆಗೆ ಉಬ್ಬುತ್ತದೆ.

ಅಪ್ಪ ಗೇಟಿನ ಕಡೆ ಬಹಳ ಹೊತ್ತು ನೋಡಿದ. ಕೊನೆಗೆ ಡಾಲಿಯನ್ನು ನನ್ನ ಕಡೆ ಚಾಚಿದ. “ಹಿಡಿಯೋದು ಅಷ್ಟ. ಹೊಡೆಯೋನು ನಾನು.”

ನಾನು ಒಳಗೆ ಅಂಗಾತ ಮಲಗಿ ಹಿಡಿದೆ. ಮೊದಲ ಹತ್ತು ಏಟು ಎಲ್ಲೆಲ್ಲೋ ಬಿದ್ದವು, ಮೊಳಕೈವರೆಗೆ ಜುಮ್ಮೆಂದಿತು. “ಬಿಗಿ ಹಿಡೀಬ್ಯಾಡ. ಕೈ ಮಾತು ಕೇಳಲಿ” ಎಂದು ಹೊರಗಿನಿಂದ ದನಿ ಬಂತು. ನಿಧಾನಕ್ಕೆ ತಿಳಿಯತೊಡಗಿತು. ಅಪ್ಪನ ಮುಖ ಕಾಣುವುದಿಲ್ಲ, ಅವನ ಏಟು ಮಾತ್ರ ಅಂಗೈಗೆ ಬರುತ್ತದೆ. ಒಂದು ಏಟಿನ ತೂಕದಿಂದ ಮುಂದಿನದು ಎಲ್ಲಿ ಬೀಳುತ್ತದೆ ಎಂದು ಗೊತ್ತಾಗುತ್ತದೆ. ಊಟದ ಹೊತ್ತಿಗೆ ಸುತ್ತಿಗೆ ಬರುವ ಮೊದಲೇ ನನ್ನ ಕೈ ಅಲ್ಲಿರುತ್ತಿತ್ತು. ನಡುನಡುವೆ ಏಟು ಹಗುರಾಗುತ್ತಿತ್ತು. ಅಪ್ಪನಿಗೆ ವಯಸ್ಸಾಗಿದೆ ಎಂದು ನನಗೆ ಮೊದಲು ಹೇಳಿದ್ದು ಅವನ ಮುಖವಲ್ಲ, ಆ ತಗಡು.

“ಯಾವಾಗ ಕಲ್ತೆಲೇ ಇದನ್ನ?” ಎಂದ.

“ಈಗ.”

ಅವನು ಸುತ್ತಿಗೆಯನ್ನು ಬಾನೆಟ್ಟಿನ ಮೇಲಿಟ್ಟು ನೀರು ಕುಡಿಯಲು ಮನೆಯೊಳಗೆ ಹೋದ. ನಾನು ಎದ್ದು ಕೂತೆ, ಗಾಜಿಲ್ಲದ ಮುಂಭಾಗದಿಂದ ಕೈಚಾಚಿದರೆ ಸಿಗುವಷ್ಟು ಹತ್ತಿರ. ಹಿಡಿಯ ಮರ ಅವನ ಬೆವರಿಗೆ ಕಪ್ಪಾಗಿ ಹೊಳೆಯುತ್ತಿತ್ತು. ಬೆಸುಗೆಯ ಕೊನೆಯಲ್ಲಿ ಒಂದು ಸಣ್ಣ ಉಬ್ಬು ಉಳಿದಿತ್ತು, ಎರಡು ಏಟಿನ ಕೆಲಸ. ನನಗೆ ಇಷ್ಟು ವರ್ಷ ಬೇಕಾಗಿದ್ದುದು ಆ ಎರಡು ಏಟೇ. ಕೂತು ನೋಡುತ್ತಿದ್ದೆ, ಮುಟ್ಟಲಿಲ್ಲ. ಹೆದರಿಕೆಯಿಂದಲ್ಲ. ಅವನು ಅಷ್ಟು ಕಾಲ ಒಂದೂ ಬಿರುಕು ಬಿಡದಂತೆ ಕಟ್ಟಿಕೊಂಡು ಬಂದ ವಸ್ತುವೊಂದಿತ್ತು. ಹೊರಡುವ ವಾರದಲ್ಲಿ ಅದಕ್ಕೆ ಸೊಟ್ಟ ಬೀಳಿಸಲು ಮನಸ್ಸಾಗಲಿಲ್ಲ. ಅಪ್ಪ ಬಂದ, ಸುತ್ತಿಗೆ ಇಟ್ಟಲ್ಲೇ ಇದ್ದುದನ್ನು ನೋಡಿದ, ನನ್ನನ್ನು ನೋಡಿದ. “ಹ್ಞೂಂ, ಹಿಡಿ” ಎಂದ.

ಅಪ್ಪ ಊರಿಗೆ ಹೋದ ಮೇಲೆ ಬಣ್ಣ ಬಳಿಸಿದೆ, ಹಳೆಯ ಮಟಾಟುಗಳ ನೆನಪಿಗೆ ಕಡುಗೆಂಪು. ಎಂಜಿನ್ನಿಗೆ ಕೈ ಹಾಕಲು ಶಕ್ತಿ ಇರಲಿಲ್ಲವಾದ್ದರಿಂದ ಅದು ಮುಂಚಿನದೇ. ಹಾಗಾಗಿ ನಮ್ಮದು ನಿಂತಾಗ ಮಾತ್ರ ಓಡುವಂತೆ ಕಾಣುತ್ತದೆ. ಓಡತೊಡಗಿದರೆ ಏರಿನಲ್ಲಿ ತರಕಾರಿಯ ಕೈಗಾಡಿಯವರು ಹಿಂದೆ ಹಾಕುತ್ತಾರೆ. ಮೊದಲ ಸಲ ಒಳಗೆ ಕೂತವನ ತಲೆ ಚಾವಣಿಗೆ ಬಡಿಯಿತು. ನಾನು ಅಪ್ಪನಿಗಿಂತ ಅರ್ಧ ಅಡಿ ಎತ್ತರ, ಅಳತೆ ತೆಗೆದದ್ದು ಅಪ್ಪನ ಟೋಪಿಗೆ. ಊರಿಗೆ ಫೋನು ಮಾಡಿ ಅಪ್ಪನಿಗೆ ಕೂಗಿ ಹೇಳಿದೆ.

“ಸೀಟು ಇಳಸು.”

“ಒಚಿಯೆಂಗ್‌ಗೆ ಹೇಳ್ತೀನಿ.”

“ನಾಕು ಬೋಲ್ಟಿಗೆ ಒಚ್ಚಪ್ಪ ಯಾಕಲೇ? ನೀನ ಇಳಸ್ಕೋ. ಡಾಲಿ ಹಿಡದೋನಿಗೆ ಸ್ಪ್ಯಾನರ್ ಹಿಡಿಯಾಕ ಬರಾಂಗಿಲ್ಲೇನು?”

ಒಚಿಯೆಂಗ್ ಹತ್ತು ನಿಮಿಷದಲ್ಲಿ ಮುಗಿಸುತ್ತಿದ್ದ ಆ ಕೆಲಸಕ್ಕೆ ನಾನು ಎರಡು ಭಾನುವಾರ ತೆಗೆದುಕೊಂಡೆ. ಗೆಣ್ಣಿನ ಚರ್ಮ ಹೋಯಿತು. ಸೋಮವಾರ ಮೀಟಿಂಗಿನಲ್ಲಿ ಉಗುರಿನ ಮಸಿ ಕಾಣುವಂತೆ ಕೈಯನ್ನು ಮೇಜಿನ ಮೇಲೇ ಇಟ್ಟುಕೊಂಡು ಕೂತಿದ್ದೆ, ಯಾರೂ ಗಮನಿಸಲಿಲ್ಲ. ಈಗಲೂ ಪಿಕಪ್ಪನ್ನು ನೋಡಿದವರು ಇದನ್ನು ಯಾರು ಕಟ್ಟಿದರು ಎಂದು ಕೇಳುತ್ತಾರೆ. ಅಪ್ಪ ಎನ್ನುತ್ತೇನೆ. ಆಮೇಲೆ ಬಾಗಿಲು ತೆಗೆದು ಸೀಟು ತೋರಿಸುತ್ತೇನೆ. ಅದು ಎಡಕ್ಕೆ ವಾಲಿದೆ ಎಂದು ಶೈಲಜಾ ಹೇಳುತ್ತಾಳೆ, ಒಚಿಯೆಂಗ್ ಹೇಳುತ್ತಾನೆ, ಅಳತೆಪಟ್ಟಿ ಹಿಡಿದು ಮಗಳೂ ತೋರಿಸಿದ್ದಾಳೆ. ನಾನು ಕೂತು ಓಡಿಸಿ ನೋಡಿದ್ದೇನೆ. ಸೀಟು ನೆಟ್ಟಗಿದೆ. ವಾಲಿರುವುದು ಸೌತ್ ಬಿಯ ರಸ್ತೆ.